ಎರೆಹುಳವೂ ಅಲ್ಲ, ಹಾವೂ ಅಲ್ಲ

ಆರಿದ್ರಾ ಮಳೆ ಹಿಡಿಯಿತೆಂದರೆ ಮನೆ ಹಿಂದಿನ ಗೊಬ್ಬರ ಗುಂಡಿ ನನ್ನನ್ನು ಕರೆಯುತ್ತದೆ, ಸಿಸಿಲಿಯನ್ ಎಂಬ ಎರೆಹುಳದಂಥ ಜೀವಿ ಹುಡುಕಲು. ಚಿಕ್ಕಮಗಳೂರು ಪೇಟೆ ಮುಗಿಯುವ ಕಡೆ ನಮ್ಮ ಬಡಾವಣೆ, ಕಾಂಪೌಂಡ್ ಆಚೆ ಅಡಿಕೆ ತೋಟ. ನಮ್ಮ ಭಾವ ಒಮ್ಮೆ ಹಾವುರಾಣಿಯ ಫೋಟೊ ಕಳಿಸಿ 'ಸಲಮಾಂಡರ್ ಸಿಕ್ತು' ಅಂದಿದ್ದರು. ಸಲಮಾಂಡರ್ ನೋಡಲು ಹಲ್ಲಿಯಂತಿದ್ದರೂ ಕಪ್ಪೆಗಳ ಬಳಗದ್ದು, ಹಾವುರಾಣಿಯಂತೆ ಅದಕ್ಕೆ ಉಗುರಿಲ್ಲ, ಮೈಮೇಲೆ ಹುರುಪೆಯಿಲ್ಲ. ಅದನ್ನು ನೋಡಬೇಕಾದರೆ ಡಾರ್ಜಿಲಿಂಗ್ ಕಡೆ ಹೋಗಬೇಕು. ನಮ್ಮಲ್ಲಿರುವುದು ಅದರ ಕಾಲಿಲ್ಲದ ನೆಂಟ, ಸಿಸಿಲಿಯನ್. ಇದೂ ಕಪ್ಪೆಗಳ ಬಳಗವೇ.

ಮೊದಲ ಸಲ ಗುದ್ದಲಿಗೆ ಸಿಕ್ಕಾಗ ಅಮ್ಮ 'ಹಾವಿನ ಮರಿ ಕಣೋ, ದೂರ ನಿಲ್ಲು' ಅಂದಳು. ನಾನು ಅದನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಗೆಳೆಯನಿಗೆ ತೋರಿಸೋಣವೆಂದು ಕಿಟಕಿಯಲ್ಲಿ ಇಟ್ಟೆ. ಮಧ್ಯಾಹ್ನಕ್ಕೆ ಸತ್ತಿತ್ತು. ಒದ್ದೆ ಚರ್ಮದಲ್ಲೂ ಉಸಿರಾಡುವ ಜೀವ ಅದು, ಬಿಸಿಲಿಗೆ ತಡೆಯುತ್ತದಾ? ಈಗ ಮಣ್ಣಿನ ಸಮೇತ ಎತ್ತುತ್ತೇನೆ, ಕೈ ಮಳೆನೀರಲ್ಲಿ ನೆನೆಸಿಕೊಂಡು. ಎರಡು ನಿಮಿಷ ನೋಡಿ ಅಲ್ಲೇ ಬಿಡುತ್ತೇನೆ.

ಮೈಯ ಉಂಗುರ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ, ಎರೆಹುಳಕ್ಕೂ ಉಂಗುರಗಳಿವೆಯಲ್ವಾ! ಮುಖ ನೋಡಿ. ಸಿಸಿಲಿಯನ್‌ಗೆ ಬಾಯಿ, ದವಡೆ ಇದೆ, ಎರೆಹುಳಕ್ಕೆ ದವಡೆಯಿಲ್ಲ. ಭೂತಗನ್ನಡಿ ಹಿಡಿದರೆ ಚರ್ಮದಡಿ ಮಸುಕು ಚುಕ್ಕೆಯಂಥ ಕಣ್ಣು, ಅದಕ್ಕೂ ಮೂಗಿಗೂ ನಡುವೆ ಮೊಳಕೆಯಷ್ಟು ಸಣ್ಣ ಮೀಸೆ. ಕತ್ತಲ ಮಣ್ಣಲ್ಲಿ ಅದರಿಂದಲೂ ವಾಸನೆ ಹಿಡಿಯುತ್ತದೆ. ಎರೆಹುಳದಂತೆಯೇ ಕಾಣುವ, ಮಣ್ಣಲ್ಲೇ ಇರುವ ಪುಟ್ಟ ಕುರುಡು ಹಾವಿಗೆ ಆ ಮೀಸೆಯಿಲ್ಲ. ಅದರ ಮೈ ಒಣಗಿ ಮಿರಮಿರ ಹೊಳೆಯುತ್ತದೆ, ಬಾಲದ ತುದಿಯ ಸಣ್ಣ ಮುಳ್ಳು ಬೆರಳಿಗೆ ಚುಚ್ಚುತ್ತದೆ. ವಿಷವಿಲ್ಲ. ಸಾಮಾನ್ಯವಾಗಿ ಸಿಗುವ ಕುರುಡು ಹಾವಿನ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣೇ ಹೆಣ್ಣನ್ನು ಹಡೆಯುತ್ತದೆ!

ನೇರಳೆ ಕಪ್ಪು ಮೈ, ಎರಡೂ ಪಕ್ಕಕ್ಕೆ ತಲೆಯಿಂದ ಬಾಲದವರೆಗೆ ಹಳದಿ ಗೆರೆ ಇದ್ದರೆ ಇಕ್ತಿಯೋಫಿಸ್ ಗುಂಪು ಎಂದು ಬರೆದುಕೊಳ್ಳುತ್ತೇನೆ. ಜಾತಿ ಯಾವುದೆಂದು ಬರೀ ಫೋಟೊ ನೋಡಿ ಹೇಳುವ ಧೈರ್ಯ ನನಗಿಲ್ಲ.

ಹೋದ ಮಳೆಗಾಲ ತೋಟದ ಬಸಿಗಾಲುವೆ ಪಕ್ಕ ಕಲ್ಲು ಎತ್ತಿದೆ. ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಮಲಗಿತ್ತು. ಮೊಟ್ಟೆಯೊಡೆದ ಮರಿ ನೀರಿಗಿಳಿಯಬೇಕು, ಅದಕ್ಕೇ ಆ ಜಾಗ. ಟಾರ್ಚು ಆರಿಸಿ ಕಲ್ಲನ್ನು ಮೊದಲಿದ್ದಂತೆಯೇ ಇಟ್ಟೆ. ಈಗ ಅಮ್ಮ ಆ ಕಡೆ ಗುದ್ದಲಿ ಹಾಕಲು ಬಿಡುವುದಿಲ್ಲ. 'ಬಾಣಂತಿ ಇದಾಳೆ' ಅಂತಾಳೆ.