ವಿಮಾನ ಏರುವ ಮೊದಲಿನ ಲೆಕ್ಕ

ವೆಂಟಿಲೇಟರ್ ಮೇಲಿರುವ ರೋಗಿಯನ್ನು ವಿಮಾನದಲ್ಲಿ ದೂರ ಒಯ್ಯುವಾಗ ಅರ್ಧ ಕೆಲಸ ಐಸಿಯುನಲ್ಲೇ, ಕಾಗದದ ಮೇಲೆ ಮುಗಿದಿರಬೇಕು. ನಾನು ಮೊದಲು ನೋಡುವುದು ಕ್ಯಾಬಿನ್ ಒತ್ತಡ. ವಿಮಾನದೊಳಗಿನ ಗಾಳಿ ಸಾಮಾನ್ಯವಾಗಿ 6,000ದಿಂದ 8,000 ಅಡಿ ಬೆಟ್ಟದ ಮೇಲಿನಷ್ಟು ತೆಳು. 8,000 ಅಡಿಗೆ ಒತ್ತಡ 760ರಿಂದ ಸುಮಾರು 565 ಮಿ.ಮೀ. ಪಾದರಸಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಶೇ 40 ಆಕ್ಸಿಜನ್ ಸಾಕಾಗಿದ್ದವರಿಗೆ ಅಲ್ಲಿ ಶೇ 54 ಬೇಕು (40ನ್ನು 760ರಿಂದ ಗುಣಿಸಿ 565ರಿಂದ ಭಾಗಿಸಿ). ನೆಲದಲ್ಲೇ 70 ಬೇಕಿದ್ದರೆ ಮೇಲೆ 94. ಇನ್ನು ಏರಿಸಲು ಜಾಗವೇ ಇಲ್ಲ. ಅಂಥವರಿದ್ದರೆ ಕ್ಯಾಬಿನ್ ಒತ್ತಡವನ್ನು ಸಮುದ್ರಮಟ್ಟದ್ದೇ ಇಡಲು ಪೈಲಟ್‌ಗೆ ಮೊದಲೇ ಹೇಳುತ್ತೇನೆ. ಆಗ ಕೆಳಗೆ ಹಾರಬೇಕು, ಇಂಧನ ಹೆಚ್ಚು ಸುಡುತ್ತದೆ, ನಡುವೆ ಒಮ್ಮೆ ಇಳಿಯಬೇಕಾಗಲೂಬಹುದು. ಆ ಸಮಯವೂ ಆಕ್ಸಿಜನ್ ಸಿಲಿಂಡರ್ ಲೆಕ್ಕಕ್ಕೆ ಸೇರಬೇಕು.

ಈ ಲೆಕ್ಕ ಹಾರಾಟದ ಗಂಟೆಗಳದ್ದಲ್ಲ, ಹಾಸಿಗೆಯಿಂದ ಹಾಸಿಗೆಯವರೆಗಿನದು. ವೆಂಟಿಲೇಟರ್ ನಿಮಿಷಕ್ಕೆ ಒಟ್ಟು 10 ಲೀಟರ್ ಗಾಳಿ ಬಳಸುತ್ತಿದೆ, ಆಕ್ಸಿಜನ್ ಶೇ 60ಕ್ಕೆ ಇಟ್ಟಿದ್ದೇವೆ ಎನ್ನೋಣ. ಉಳಿದದ್ದನ್ನು ಅದು ಕ್ಯಾಬಿನ್ ಗಾಳಿಯಿಂದ ಎಳೆದುಕೊಂಡರೆ, ಆ ಗಾಳಿಯಲ್ಲೂ ಒಂದಿಷ್ಟು ಆಕ್ಸಿಜನ್ ಇರುವುದರಿಂದ, ಸಿಲಿಂಡರಿನಿಂದ ಹೋಗುವುದು ಸುಮಾರು 5 ಲೀಟರ್. 8 ಗಂಟೆಗೆ 2,400. ನಾನು ಒಯ್ಯುವುದು ಅದರ ಎರಡರಷ್ಟು, 4,800. ದುಂದು ಎನಿಸಬಹುದು, ಆದರೆ ದಾರಿಯಲ್ಲಿ ರೋಗಿ ಕೆಟ್ಟು ಶೇ 100ಕ್ಕೆ ಏರಿಸಿದರೆ ಬೇಕಾಗುವುದು ಅಷ್ಟೇ. 10 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ಬಾರ್ (ಒತ್ತಡದ ಅಳತೆ) ಇದ್ದರೆ 1,500 ಲೀಟರ್. ಕೊನೆಯ 20 ಬಾರ್ ನಂಬದೆ ಲೆಕ್ಕ ಹಾಕಿ, ನಾಲ್ಕು ಸಿಲಿಂಡರ್.

ಮೇಲೇರಿದಂತೆ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹಾಗಾಗಿ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯೊಳಗೆ ತುಂಬಿಕೊಂಡ ಗಾಳಿ) ಚಿಕ್ಕದಿದ್ದರೂ ಹೊರಡುವ ಮೊದಲೇ ಎದೆಗೆ ಟ್ಯೂಬ್ ಹಾಕಿ ಒಂದೇ ದಿಕ್ಕಿನ ವಾಲ್ವ್ ಜೋಡಿಸಬೇಕು. ಆ ಟ್ಯೂಬನ್ನು ಕ್ಲ್ಯಾಂಪ್ ಹಾಕಿ ಮುಚ್ಚಿ ಒಯ್ಯುವುದು ತಪ್ಪು. ಉಸಿರುನಳಿಕೆಯ ಕಫ್ (ಗಾಳಿ ಸೋರದಂತೆ ನಳಿಕೆಯ ಸುತ್ತ ಉಬ್ಬಿಸುವ ಪುಟ್ಟ ಬಲೂನು) ಒತ್ತಡ ಗೇಜಿನಲ್ಲಿ 20ರಿಂದ 30 ಸೆಂ.ಮೀ. ನೀರಿನಷ್ಟಿರಬೇಕು. ಏರುವಾಗ ಎಲ್ಲರೂ ಗಾಳಿ ತೆಗೆಯುತ್ತಾರೆ, ಇಳಿಯುವಾಗ ಮರಳಿ ತುಂಬಲು ಮರೆಯುತ್ತಾರೆ. ಕಫ್ ಸಡಿಲವಾಗಿ ಉಸಿರು ಸೋರುತ್ತದೆ, ಬಾಯಿಯ ದ್ರವ ಶ್ವಾಸಕೋಶಕ್ಕೆ ಜಾರುತ್ತದೆ.

ಸಾಗಣೆಯ ವೆಂಟಿಲೇಟರನ್ನು ಐಸಿಯುನಲ್ಲೇ ಅರ್ಧ ಗಂಟೆ ಓಡಿಸಿ, ರಕ್ತದ ಗ್ಯಾಸ್ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಪರೀಕ್ಷೆ) ನೋಡಿಯೇ ಹೊರಡುತ್ತೇನೆ. ನಳಿಕೆಗಳು ಕಳಚುವುದು ಹೆಚ್ಚಾಗಿ ಸ್ಟ್ರೆಚರ್ ಬದಲಿಸುವಾಗ, ವಿಮಾನದ ಬಾಗಿಲಲ್ಲಿ ತಿರುಗಿಸುವಾಗ. ಎಂಜಿನ್ ಸದ್ದಿನಲ್ಲಿ ಸ್ಟೆತಸ್ಕೋಪ್ ಕೆಲಸಕ್ಕೆ ಬಾರದು. ಪ್ರತಿ ಸಲ ಎತ್ತಿ ಇಳಿಸಿದ ಮೇಲೂ ಮೊದಲ ನೋಟ ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಸಾಧನ) ಅಲೆಯ ಮೇಲೆ, ಆಮೇಲೆ ಎದೆಯ ಏರಿಳಿತದ ಮೇಲೆ.