ನಾನು ಕೇಳಿದ ಕರೆ, ಸಭೆ ತೋರಿಸಿದ ದಾರಿ

ನಮ್ಮ ಬಳ್ಳಾರಿಯ ಕ್ರೈಸ್ತ ಸಭೆಗಳಲ್ಲಿ "ದೇವರು ನನ್ನನ್ನು ಸೇವೆಗೆ ಕರೆದಿದ್ದಾರೆ" ಅನ್ನುವ ಸಾಕ್ಷಿ ಆಗಾಗ ಕೇಳಿಬರುತ್ತದೆ. ಕೇಳಿದವರು ಸ್ತೋತ್ರ ಅನ್ನುತ್ತಾರೆ. ಆದರೆ ಅದು ದೇವರ ಕರೆಯೇ ಅಂತ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದಿರಿ ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ನನಗೆ ಬೇಕಾಗಿದ್ದದ್ದು ಅದೇ. ಅದಕ್ಕೇ ನಾನು ನಡೆದ ದಾರಿಯನ್ನು ಬರೆಯುತ್ತಿದ್ದೇನೆ.

ನಾನು ನರ್ಸ್. ಗಂಡ ತೋರಣಗಲ್ಲು ಕಡೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಮಕ್ಕಳು, ಅತ್ತೆ. ಒಂದು ಭಾನುವಾರ ಸತ್ಯವೇದದ (ಬೈಬಲ್‌ನ) ಯೆಶಾಯನ 6ನೇ ಅಧ್ಯಾಯದ ಮೇಲೆ ಪ್ರಸಂಗ ಇತ್ತು. ಯಾರನ್ನು ಕಳುಹಿಸಲಿ ಎಂದು ಕರ್ತನು ಕೇಳುವ ಭಾಗ. ಆವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿ ವಾರ್ಡ್ ಸುತ್ತುವಾಗಲೂ ಅದೇ, ಬೆಳಿಗ್ಗೆ ರೊಟ್ಟಿ ಬಡಿಯುವಾಗಲೂ ಅದೇ. ನನ್ನ ಮನಸ್ಸು ನೇರವಾಗಿ ಒಂದೇ ಕಡೆ ಹೋಯಿತು. ಕೆಲಸ ಬಿಡಬೇಕು, ಮಂಗಳೂರಿಗೆ ಹೋಗಬೇಕು, ಪಾಸ್ಟರ್ ಆಗಬೇಕು. ಅಲ್ಲಿ 1965ರಲ್ಲಿ ಶುರುವಾದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಸಭಾಪಾಲನೆಗೆ ಹೋಗುವವರು ಅಲ್ಲಿ ಓದುತ್ತಾರೆ.

ಆದರೂ ತಕ್ಷಣ ಯಾರಿಗೂ ಹೇಳಲಿಲ್ಲ. ಇದನ್ನು ಕಲಿತದ್ದು ಸತ್ಯವೇದದ ನೆಹೆಮೀಯನಿಂದ. ಅವನು ಪರ್ಷಿಯಾದ ಅರಸನ ಸೇವೆಯಲ್ಲಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಅವನಿಗೆ ಸಿಕ್ಕಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಆದರೆ ಬಾಯಿಬಿಡುವ ಹೊತ್ತಿಗೆ ಅವನ ಹತ್ತಿರ ಪೂರ್ತಿ ಲೆಕ್ಕವಿತ್ತು. ಯಾವಾಗ ವಾಪಸ್ ಬರುತ್ತೇನೆ, ಯಾವ ಅಧಿಕಾರಿಗಳಿಗೆ ಪತ್ರ ಬೇಕು, ಮರ ಎಲ್ಲಿಂದ ತರಬೇಕು, ಎಲ್ಲವೂ. ಪ್ರಾರ್ಥನೆಯಲ್ಲಿ ಕೂತವನು ಯೋಚನೆಯನ್ನೂ ಮಾಡುತ್ತಿದ್ದ ಅಲ್ವಾ?

ನಾನೂ ಆ ಬೇಸಿಗೆ ಪೂರ್ತಿ ಕಾದೆ. ಕನ್ವೆನ್ಷನ್‌ನಲ್ಲಿ ಹಾಡು ಜೋರಾದಾಗ ಎಲ್ಲರಿಗೂ ಮನಸ್ಸು ಉಕ್ಕುತ್ತದೆ. ನೈಟ್ ಡ್ಯೂಟಿ ಮುಗಿಸಿ, ಕಾಲು ಊದಿಕೊಂಡು ಮನೆಗೆ ಬಂದ ಬೆಳಿಗ್ಗೆ ಆ ಮಾತು ಇನ್ನೂ ಒಳಗಿದೆಯಾ ಅಂತ ನೋಡುತ್ತಿದ್ದೆ. ಇತ್ತು.

ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ವಾಕ್ಯ ಮನಸ್ಸಿಗೆ ತಾಗಿತು, ಯಾವುದರಲ್ಲಿ ಸಮಾಧಾನ ಸಿಕ್ಕಿತು, ಯಾರು ಬಂದು ನನ್ನಿಂದ ಏನು ಕೇಳಿದರು, ಇವನ್ನು ಬರೆಯುತ್ತಿದ್ದೆ. ಕೊನೆಯದನ್ನು ಯಾಕೆ ಬರೆದೆನೋ, ಆದರೆ ಅದೇ ನನ್ನ ಕಣ್ಣು ತೆರೆಸಿತು. ಪುಟ ತಿರುವಿದರೆ ಪ್ರಸಂಗ ಮಾಡಿ ಅಂತ ಕೇಳಿದವರು ಒಬ್ಬರೂ ಇಲ್ಲ. ಬಂದವರೆಲ್ಲ ಕೇಳಿದ್ದು ಬೇರೆ. "ಅಕ್ಕಾ, ನಮ್ಮ ಮಾವಗೆ ಲಕ್ವ ಹೊಡದೈತಿ, ಬೆನ್ನೆಲ್ಲ ಹುಣ್ಣಾಗೈತಿ, ಒಂದೀಟು ಬಂದು ನೋಡ್ತೀರಾ?" "ನಮ್ಮಪ್ಪ ಟಿಬಿ ಗುಳಿಗೆ ಬಿಟ್ಟಾನ, ನೀವು ಹೇಳಿದ್ರ ಕೇಳ್ತಾನ."

ಆಮೇಲೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೋದೆ. ಅವರು ಸಮುವೇಲನ ಕಥೆ ತೆಗೆದರು. ದೇವರು ಕರೆದಾಗ ಹುಡುಗ ಮೂರು ಸಲವೂ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಅದು ಯಾರ ದನಿ ಅಂತ ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಕಣ್ಣು ಮಬ್ಬಾದ ಮುದುಕ ಏಲಿಗೆ. ಅವನ ಮನೆತನದಲ್ಲಿ ಎಷ್ಟೋ ಕೊರತೆಗಳಿದ್ದವು. ಆದರೂ ದೇವರು ಅವನ ಬಾಯಿಂದಲೇ ಹುಡುಗನಿಗೆ ದಾರಿ ತೋರಿಸಿದರು. "ಅಮ್ಮಾ, ನಿಮ್ಮನ್ನು ಹತ್ತಿರದಿಂದ ಬಲ್ಲವರನ್ನು ಕೇಳಿ. ನಿಮ್ಮನ್ನು ಹೊಗಳುವವರನ್ನು ಬೇಡ" ಅಂದರು ಅಯ್ಯನವರು.

ಹಾಗೆ ಕೇಳಿದ್ದು ಅತ್ತೆಯನ್ನು. ಅವರು ಸುಮ್ನೆ ಒಂದು ಮಾತೂ ಆಡುವವರಲ್ಲ. "ನೋಡವ್ವಾ, ನೀನು ಮಾತಾಡಿದ್ರ ಮಂದಿ ಕೇಳ್ತಾರ, ಮನಿಗೆ ಹೋಗ್ತಾರ. ನೀನು ರೋಗಿ ಹತ್ರ ಕುಂತ್ರ ಆ ಮನಿ ಮಂದಿನೇ ಬದಲಾಗ್ತಾರ" ಅಂದರು. ಆ ಮಾತು ನನಗೆ ಸಿಹಿಯಾಗಿರಲಿಲ್ಲ. ಪಾಸ್ಟರ್ ಆಗುವ ಆಸೆ ಬಲವಾಗಿಯೇ ಇತ್ತು.

ಎರಡನ್ನೂ ಮಾಡಿ ನೋಡಿ ಅಂತ ಅಯ್ಯನವರು ಹೇಳಿದರು. ಮಹಿಳಾ ಕೂಟದಲ್ಲಿ ವಾಕ್ಯ ಹೇಳಿದೆ. ಚೆನ್ನಾಗಿಯೇ ಆಯಿತು. ಆದರೆ ಅದರ ತಯಾರಿಯಲ್ಲಿ ಜನ ಏನಂದಾರು ಅನ್ನುವ ಯೋಚನೆಯೇ ಜಾಸ್ತಿ. ಕೌಲ್ ಬಜಾರಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಹುಣ್ಣು ತೊಳೆಯುವಾಗ ನನ್ನ ನೆನಪೇ ನನಗಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆ ಒದ್ದೆ ಇರಬಾರದು ಅಂತ ಆಕೆಯ ಸೊಸೆಗೆ ಕೈಹಿಡಿದು ಕಲಿಸಿದೆ. ಟಿಬಿಯವರ ಕಥೆ ಬೇರೆ. ಕೆಮ್ಮು ನಿಂತ ಕೂಡಲೇ ವಾಸಿಯಾಯಿತು ಅಂತ ಗುಳಿಗೆ ಬಿಡುತ್ತಾರೆ. ಸಾಮಾನ್ಯ ಟಿಬಿಗೂ 6 ತಿಂಗಳು ತಪ್ಪದೆ ನುಂಗಬೇಕು. ಅವರ ಬೆನ್ನು ಹತ್ತುವುದಕ್ಕೆ ನನಗೆ ಬೇಸರವೇ ಬರುತ್ತಿರಲಿಲ್ಲ.

ಪೌಲನಿಗೂ ಹೀಗೆ ಆಯಿತು. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವನು ಬಿಥೂನ್ಯಕ್ಕೆ ಹೊರಟಿದ್ದ. ಆತ್ಮನು ಬಿಡಲಿಲ್ಲ. ತ್ರೋವದಲ್ಲಿ ದರ್ಶನವಾಗಿ ಮಕೆದೋನ್ಯಕ್ಕೆ ಹೋದ. ಹೊರಡುವ ಮನಸ್ಸು ದೇವರೇ ಕೊಟ್ಟದ್ದು. ಊರು ಮಾತ್ರ ಬೇರೆಯದಾಯಿತು. ಇದನ್ನು ಓದಿದ ರಾತ್ರಿ ನಾನು ಮಂಗಳೂರನ್ನು ದೇವರ ಕೈಗೆ ಬಿಟ್ಟೆ. ಬಿಡುವಾಗ ಅತ್ತುಬಿಟ್ಟೆ.

ಇನ್ನು ಮನೆಯ ಲೆಕ್ಕ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ನೋಡಬೇಕು ಅಂತ ಯೇಸುವೇ ಹೇಳಿದ್ದಾರೆ. ನಾನು, ನನ್ನ ಗಂಡ ಕೂತು ನೋಡಿದೆವು. ಮನೆ ಸಾಲದ ಕಂತು, ಮಕ್ಕಳ ಫೀಸು, ಅವರ ಶಿಫ್ಟ್, ನನ್ನ ಡ್ಯೂಟಿ. ಕೆಲಸ ಬಿಡುವುದು ಬೇಡ, ವಾರದ ರಜೆ ಈ ಸೇವೆಗೆ ಅಂತ ಇಬ್ಬರೂ ಒಪ್ಪಿದೆವು. ಅವರು ಒಪ್ಪದಿದ್ದರೆ ನಾನು ಇನ್ನೂ ಕಾಯುತ್ತಿದ್ದೆ. "ದೇವರು ನನಗೆ ಹೇಳಿದ್ದಾರೆ" ಅಂತ ಮನೆಯವರ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಸಭೆ. ಅಂತಿಯೋಕ್ಯದ ಸಭೆಯಲ್ಲಿ ಬಾರ್ನಬ, ಸೌಲರನ್ನು (ಸೌಲ ಅಂದರೆ ಪೌಲನೇ) ಸೇವೆಗೆ ಪ್ರತ್ಯೇಕಿಸಿರಿ ಎಂಬ ಮಾತು ಬಂದದ್ದು ಎಲ್ಲರೂ ಉಪವಾಸದಲ್ಲಿ ಆರಾಧಿಸುತ್ತಿದ್ದಾಗ. ಅವರಿಬ್ಬರೂ ಆಗಲೇ ಆ ಸಭೆಯಲ್ಲಿ ಕೆಲಸ ಮಾಡುತ್ತಿದ್ದವರು. ನಮ್ಮಲ್ಲೂ ಉಪವಾಸ ಪ್ರಾರ್ಥನೆಯಾದ ಮೇಲೆ, ನನ್ನ ಜೊತೆ ಮನೆಗಳಿಗೆ ಬರುತ್ತಿದ್ದ ಅಕ್ಕಂದಿರನ್ನೂ ಮುಂದೆ ಕರೆದು ಹಿರಿಯರು ಕೈಯಿಟ್ಟು ಪ್ರಾರ್ಥಿಸಿದರು. ಯಾರ ಮನೆಗಾದರೂ ಹೋಗುತ್ತೇವೆ, ಯಾವ ಧರ್ಮ ಅಂತ ನೋಡುವುದಿಲ್ಲ. ಅವರಾಗಿ ಕೇಳಿದರೆ ಮಾತ್ರ ಪ್ರಾರ್ಥನೆ. ನರಳುತ್ತಿರುವವರ ಮೇಲೆ ಯಾವ ಒತ್ತಾಯವೂ ಇರಬಾರದು.

ಬೇಗ ಫಲ ಕಾಣಲಿಲ್ಲ ಅಂತ ಗುಂಪಿನವರು ಕುಗ್ಗಿದಾಗ ನಮ್ಮ ಊರಿನದೇ ಮಾತು ಹೇಳುತ್ತೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕೈಹಾಕಿದ ಕನ್ನಡ ಸತ್ಯವೇದದ ಅನುವಾದದ ಕೆಲಸ ಪೂರ್ತಿಯಾದದ್ದು 1831ರಲ್ಲಿ. ಇಷ್ಟು ವರ್ಷ ಒಂದೊಂದೇ ವಾಕ್ಯ.

ಈಗ ನಮ್ಮ ಸಭೆಯ ಒಬ್ಬ ಹುಡುಗ ಮಂಗಳೂರಿಗೆ ಹೋಗಬೇಕು ಅನ್ನುತ್ತಿದ್ದಾನೆ. ಜೀನ್ಸ್ ಹೊಲಿಯುವ ಕೆಲಸ ಅವನದು. ಅವನಿಗೆ ನಾವೆಲ್ಲ ಹೌದು ಅಂದಿದ್ದೇವೆ. ಸಂಡೇ ಸ್ಕೂಲ್ ಮಕ್ಕಳು ಅವನನ್ನು ಬಿಡುವುದಿಲ್ಲ, ದೊಡ್ಡವರೂ ವಾಕ್ಯದ ಅರ್ಥ ಕೇಳಲು ಅವನ ಹತ್ತಿರವೇ ಹೋಗುತ್ತಾರೆ. ಅವನ ಅಪ್ಪ ಮಾತ್ರ ಇನ್ನೂ ಒಪ್ಪಿಲ್ಲ. ಮನೆಗೆ ಬರುವ ಸಂಬಳ ನಿಲ್ಲುತ್ತದೆ ಅನ್ನುವ ಭಯ. ಆ ಭಯ ಸಣ್ಣದಲ್ಲ. ಬರುವ ವಾರ ಅಯ್ಯನವರೂ ನನ್ನ ಗಂಡನೂ ಆ ಮನೆಗೆ ಹೋಗಿ ಕೂತು ಮಾತಾಡುತ್ತಾರೆ. ಅವನು ಓದು ಮುಗಿಸುವ ತನಕ ಆ ಮನೆಗೆ ತಿಂಗಳಿಗೆ ಎಷ್ಟು ಕೊಡಬಹುದು ಅಂತ ಸಭೆಯ ಕಮಿಟಿ ಲೆಕ್ಕ ಹಾಕುತ್ತಿದೆ.