ಮನೇಲಿ ತೊಳೆದ ಕಲರ್ ರೋಲ್ ಕೆಟ್ರೆ ಮೊದ್ಲು ಅಂಚು ನೋಡಿ

ಮನೇಲಿ ಸಿ-41 ಕಿಟ್ (ಕಲರ್ ಫಿಲಂ ಡೆವಲಪ್ ಮಾಡೋ ಕೆಮಿಕಲ್ ಸೆಟ್) ಇಟ್ಕೊಂಡು ಕಲರ್ ರೋಲ್ ತೊಳೆಯೋರು ಫೋಟೋ ಸರಿ ಬರ್ಲಿಲ್ಲ ಅಂದ ತಕ್ಷಣ ಸ್ಕ್ಯಾನ್ ನೋಡ್ಕೊಂಡು ತಲೆ ಕೆಡಿಸ್ಕೋತಾರೆ. ಸ್ಕ್ಯಾನರ್ ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ಬಣ್ಣ ಎಳೆದಾಡಿ ಏನೋ ಒಂದು ತೋರಿಸಿರತ್ತೆ, ಅದ್ರಲ್ಲಿ ತಪ್ಪು ಯಾರ್ದು ಅಂತ ಗೊತ್ತಾಗಲ್ಲ. ನಾನು ಸ್ಕ್ಯಾನ್ ಪಕ್ಕಕ್ಕಿಟ್ಟು, ಪೂರ್ತಿ ಒಣಗಿದ ನೆಗೆಟಿವ್‌ನ ಮೊಬೈಲ್‌ನ ಬಿಳಿ ಸ್ಕ್ರೀನ್ ಮುಂದೆ ಹಿಡಿದು ನೋಡ್ತೀನಿ, ಅದೂ ಫ್ರೇಮ್ ಅಲ್ಲ, ಅಂಚನ್ನ. ತೂತುಗಳ ಆಚೆ ಫಿಲಂ ಹೆಸರು, ನಂಬರು, ಬಾರ್‌ಕೋಡ್ ಸಣ್ಣದಾಗಿ ಇರತ್ತಲ್ಲ, ಅದು. (ಪೂರ್ತಿ ಒಣಗಿದ್ದು ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಒದ್ದೆ ಇರೋವಾಗ ಕಲರ್ ನೆಗೆಟಿವ್ ಮಬ್ಬಾಗೇ ಕಾಣತ್ತೆ, ಹೊಸಬರು ಅಲ್ಲೇ ಗಾಬರಿ ಬೀಳ್ತಾರೆ.)

ಆ ನಂಬರುಗಳು ಫ್ಯಾಕ್ಟರೀಲೇ ಬೆಳಕು ಬಿಟ್ಟು ಹಾಕಿರೋವು. ನಮ್ಮ ಕ್ಯಾಮೆರಾಗೂ ಮೀಟರ್‌ಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಮೂಡಬೇಕಾಗಿರೋದು ನಮ್ಮ ಡೆವಲಪರ್‌ನಲ್ಲೇ (ಚಿತ್ರ ಮೂಡಿಸೋ ಕೆಮಿಕಲ್). ಅಂದ್ರೆ ಅಂಚು ಗಟ್ಟಿಯಾಗಿ ಬಂದಿದೆ, ಫ್ರೇಮ್ ಮಾತ್ರ ತೆಳು (ಮಸುಕು) ಅಂದ್ರೆ ಬೆಳಕು ಕಮ್ಮಿ ಬಿದ್ದಿದೆ, ಕೆಮಿಕಲ್ ಬೈಬೇಡಿ. ಎರಡೂ ತೆಳು ಅಂದ್ರೆ ಡೆವಲಪರ್ ತಣ್ಣಗಿತ್ತು ಅಥವಾ ಹಳಸಿತ್ತು. ಅಂಚು ಚೆನ್ನಾಗಿದೆ, ಫ್ರೇಮೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಕ್ಯಾಮೆರಾದಲ್ಲಿ ರೋಲ್ ಸುತ್ತೇ ಇಲ್ಲ. ಅಂಚಲ್ಲೂ ಏನೂ ಇಲ್ಲ ಅಂದ್ರೆ ಡೆವಲಪರ್ ಸತ್ತಿದೆ, ಇಲ್ಲಾ ಬಾಟಲ್ ಅದಲು ಬದಲಾಗಿ ಬ್ಲಿಕ್ಸ್ (ಡೆವಲಪರ್ ಆದ್ಮೇಲೆ ಫಿಲಂನಿಂದ ಬೆಳ್ಳಿ ತೆಗೆಯೋ ಕೆಮಿಕಲ್) ಮೊದ್ಲು ಹೋಗಿದೆ.

ಬೆಳಕು ಸೋರಿರೋದಕ್ಕೂ ಇದೇ ಲೆಕ್ಕ. ಕಲೆ ತೂತುಗಳನ್ನ ದಾಟಿ ಅಂಚಿನ ತನಕ ಹೋಗಿದ್ರೆ ಕ್ಯಾಮೆರಾ ಹಿಂಬಾಗಿಲು, ರೋಲ್‌ನ ಕ್ಯಾನಿಸ್ಟರ್ (ಡಬ್ಬಿ) ಅಥವಾ ಫಿಲಂ ತೊಳೆಯೋ ಟ್ಯಾಂಕ್‌ನ ಮುಚ್ಚಳ. ಫ್ರೇಮ್ ಗೆರೆ ಒಳಗೇ ನಿಂತಿದ್ರೆ ಬೆಳಕು ಬಂದಿರೋದು ಲೆನ್ಸ್ ಕಡೆಯಿಂದ, ಶಟರ್ ತೋರಿಸಿ.

ಈಗ ಟೆಂಪರೇಚರ್. ಕೊಡಾಕ್ ಹೇಳೋದು ಡೆವಲಪರ್ 37.8 ಡಿಗ್ರಿ, 3 ನಿಮಿಷ 15 ಸೆಕೆಂಡು, ಆಚೀಚೆ 0.15 ಡಿಗ್ರಿ ಅಷ್ಟೇ. ಬಕೆಟ್‌ನಲ್ಲಿ ಗೀಸರ್ ನೀರಿಟ್ಕೊಂಡು ಅಷ್ಟು ಕರಾರುವಾಕ್ಕಾಗಿ ಮಾಡೋಕೆ ನನ್ನ ಕೈಲಂತೂ ಆಗಲ್ಲ, ಅರ್ಧ ಡಿಗ್ರಿ ಒಳಗಿದ್ರೆ ಸಾಕು ಅಂತ ಇದೀನಿ. ಆದ್ರೆ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಮಾಡೋ ಹಾಗೆ ನೀರು ತಣ್ಣಗಿದ್ರೆ ಟೈಮ್ ಜಾಸ್ತಿ ಮಾಡಿದ್ರಾಯ್ತು ಅನ್ನೋದು ಇಲ್ಲಿ ಅಷ್ಟು ಸಲೀಸಲ್ಲ, ಯಾಕಂದ್ರೆ ಕಲರ್ ಫಿಲಂನಲ್ಲಿ ಮೂರು ಬಣ್ಣಕ್ಕೆ ಬೇರೆ ಬೇರೆ ಪದರ ಒಂದರ ಮೇಲೊಂದು ಇರತ್ತೆ, ಡೆವಲಪರ್ ಕೆಳಗಿನ ಪದರಕ್ಕೆ ಇಳಿಯೋಕೆ ಹೊತ್ತು ಬೇಕು, ಶಾಖ ಏರುಪೇರಾದ್ರೆ ಮೂರೂ ಒಂದೇ ಸಮ ಬೆಳೆಯಲ್ಲ. ಆಗ ನೆರಳಲ್ಲಿ ಒಂದು ಬಣ್ಣ, ಮೋಡದಲ್ಲಿ ಇನ್ನೊಂದು ಬಣ್ಣ ತಿರುಗತ್ತೆ, ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ. ಇಡೀ ಫೋಟೋ ಒಂದೇ ಕಡೆ ವಾಲಿದ್ರೆ ಸ್ಲೈಡರ್ ಎಳೆದು ಸರಿ ಮಾಡಬಹುದು, ಇದನ್ನ ಆಗಲ್ಲ. ಮೋಸ ಮಾಡೋದು ಫಿಲಂ ಹಾಕಿಟ್ಟ ತಣ್ಣಗಿರೋ ಟ್ಯಾಂಕ್. ಬಾಟಲಲ್ಲಿ 38 ತೋರಿಸಿದ್ದು ಸುರಿದ ತಕ್ಷಣ ಇಳಿದಿರತ್ತೆ. ಅದಕ್ಕೆ ಮೊದ್ಲು 39ರ ನೀರು ತುಂಬಿಸಿ ಒಂದು ನಿಮಿಷ ಬಿಟ್ಟು ಚೆಲ್ತೀನಿ. ಆ ನೀರು ಹಸಿರೋ ನೇರಳೆಯೋ ಆಗಿ ಬಂದ್ರೆ ಹೆದರಬೇಡಿ, ಫಿಲಂನ ಡೈ ಅದು.

ಫೋಟೋದ ಆಕಾಶದಲ್ಲಿ ತೂತುಗಳ ನೇರಕ್ಕೆ ಬಿಳಿ ಪಟ್ಟೆ ಬಂದಿದ್ರೆ ನೀವು ಟ್ಯಾಂಕ್ ಜಾಸ್ತಿ ಕುಲುಕ್ತಿದೀರ ಅಂತ ಅರ್ಥ. ಡೆವಲಪರ್ ತೂತಿನಿಂದ ರಭಸವಾಗಿ ನುಗ್ಗಿ ಅಲ್ಲಿ ಮಾತ್ರ ಹೆಚ್ಚು ಕೆಲಸ ಮಾಡಿರತ್ತೆ. ಮೊದಲ ಹತ್ತು ಸೆಕೆಂಡು ಬಿಡದೆ, ಆಮೇಲೆ ಮೂವತ್ತು ಸೆಕೆಂಡಿಗೊಮ್ಮೆ ನಿಧಾನಕ್ಕೆ ನಾಲ್ಕು ಸಲ ತಲೆಕೆಳಗೆ ಮಾಡಿ, ಪ್ರತಿ ಸಲ ಸ್ವಲ್ಪ ತಿರುಗಿಸಿ. ಕೊನೇಲಿ ಟ್ಯಾಂಕ್‌ನ ಒಮ್ಮೆ ತಟ್ಟಿ, ಇಲ್ದಿದ್ರೆ ಗುಳ್ಳೆ ಕೂತ ಜಾಗದಲ್ಲಿ ಸಣ್ಣ ದುಂಡನೆ ಕಲೆ ಉಳಿಯತ್ತೆ. ಒಂದೇ ಅಂಚು ಉದ್ದಕ್ಕೂ ತೆಳುವಾಗಿದ್ರೆ ಕುಲುಕಾಟ ಅಲ್ಲ, ಕೆಮಿಕಲ್ ಕಮ್ಮಿ ಸುರಿದಿದೀರ. ಟ್ಯಾಂಕ್ ಅಡಿಯಲ್ಲಿ 290 ಎಂಎಲ್ ಅಂತ ಬರೆದಿದ್ರೂ ನಾನು 320 ಹಾಕ್ತೀನಿ.

ಉಡುಪಿಯ ಗೆಳೆಯರೊಬ್ರು ಮಳೆಗಾಲದಲ್ಲಿ ಫೋನ್ ಮಾಡಿ, "ಎಂತ ಮಾರಾಯ್ರೆ, ನಡುವಲ್ಲಿ ಎರಡು ಫ್ರೇಮೇ ಇಲ್ಲ, ಬರೀ ಮಬ್ಬು ಉಂಟು" ಅಂದ್ರು. ಫೋಟೋ ತರಿಸಿ ನೋಡಿದ್ರೆ ಕಲೆ ಎದುರು ಬದುರು ಸುತ್ತಲ್ಲಿ ಒಂದೇ ಆಕಾರದಲ್ಲಿತ್ತು, ಅಂದ್ರೆ ಟ್ಯಾಂಕ್ ಒಳಗೆ ಫಿಲಂ ಸುತ್ತೋ ರೀಲ್‌ನಲ್ಲಿ ಫಿಲಂ ಜಾರಿ ಒಂದಕ್ಕೊಂದು ಅಂಟಿದೆ, ಅಲ್ಲಿಗೆ ಡೆವಲಪರೂ ಹೋಗಿಲ್ಲ, ಬ್ಲಿಕ್ಸೂ ಹೋಗಿಲ್ಲ. ಮತ್ತೆ ಬ್ಲಿಕ್ಸಿಗೆ ಹಾಕಿದ್ರೆ ಮಬ್ಬು ಹೋಗಿ ಬರೀ ಕಿತ್ತಳೆ ಬಣ್ಣ ಉಳಿಯತ್ತೆ, ಚಿತ್ರ ಬರಲ್ಲ. ಕರಾವಳಿ ಸೆಕೆಯಲ್ಲಿ ಚೇಂಜಿಂಗ್ ಬ್ಯಾಗ್ (ಬೆಳಕು ಬೀಳದ ಹಾಗೆ ಕೈ ಹಾಕಿ ಫಿಲಂ ಸುತ್ತೋ ಚೀಲ) ಒಳಗೆ ಕೈ ಬೆವರಿ ಪ್ಲಾಸ್ಟಿಕ್ ರೀಲ್ ಹಿಡ್ಕೊಳತ್ತೆ, ರೀಲ್‌ಗೆ ಮೊದ್ಲೇ ಹೇರ್ ಡ್ರೈಯರ್ ಬಿಸಿಗಾಳಿ ಕೊಟ್ಟು ಆರಿಸಿ ಇಟ್ಕೊಳ್ಳಿ ಅಂದೆ. ಹಾಗೇ ಒತ್ತಾಯ ಮಾಡಿ ತಳ್ಳಿದ್ರೆ ಫಿಲಂ ಮಡಚಿದ ಕಡೆ ಅರ್ಧಚಂದ್ರಾಕಾರದ ಗುರುತು ಬೀಳತ್ತೆ, ಅದು ಹೋಗಲ್ಲ.

ರಿಪೇರಿ ಆಗೋದು ಅಂದ್ರೆ ಬ್ಲಿಕ್ಸ್ ಸಾಲದೆ ಬೆಳ್ಳಿ ಉಳಿದಿರೋದು. ನೆಗೆಟಿವ್ ಕಂದು ಕಂದಾಗಿ ದಪ್ಪಗೆ ಕಾಣತ್ತೆ, ಫೋಟೋದಲ್ಲಿ ಬಣ್ಣ ಸತ್ತು ಗ್ರೇನ್ (ಕಾಳುಕಾಳು) ಜಾಸ್ತಿಯಾಗಿರತ್ತೆ. ಇದನ್ನ ಹಿಡಿಯೋಕೆ ನನಗೆ ಭಾಳ ಇಷ್ಟವಾದ ಉಪಾಯ ಒಂದಿದೆ: ಸ್ಕ್ಯಾನರ್‌ನಲ್ಲಿ ಇನ್‌ಫ್ರಾರೆಡ್ ಧೂಳು ತೆಗೆಯೋ ಆಪ್ಷನ್ ಹಾಕಿ. ಕಲರ್ ಡೈ ಇನ್‌ಫ್ರಾರೆಡ್ ಬಿಟ್ಕೊಡತ್ತೆ, ಬೆಳ್ಳಿ ತಡೆಯತ್ತೆ, ಹಾಗಾಗಿ ಬೆಳ್ಳಿ ಉಳಿದಿದ್ರೆ ಸ್ಕ್ಯಾನರ್ ಚಿತ್ರಾನೇ ಧೂಳು ಅಂತ ತಿಳ್ಕೊಂಡು ಮುಖ, ಮರ ಎಲ್ಲಾ ಕಲಸಿ ಹಾಕತ್ತೆ. ಆ ರೋಲ್‌ನ ಲೈಟ್ ಹಾಕ್ಕೊಂಡೇ ಮತ್ತೆ ಬಿಸಿ ಬ್ಲಿಕ್ಸ್‌ನಲ್ಲಿ ಹಾಕಿ, ತೊಳೆದು, ಕೊನೆಯ ರಿನ್ಸ್ (ಒಣಗಿಸೋ ಮುಂಚಿನ ದ್ರಾವಣ) ಮಾಡಿ. ಬ್ಲಿಕ್ಸ್‌ನಿಂದ ಟ್ಯಾಂಕ್ ಒಳಗೆ ಗ್ಯಾಸ್ ಏಳತ್ತೆ, ನಡುನಡುವೆ ಮುಚ್ಚಳ ಸಡಿಲ ಮಾಡಿ, ಗ್ಲೌಸ್ ಹಾಕ್ಕೊಳ್ಳಿ. ಇನ್ನೊಂದು ಮಾತು, ಬ್ಲಿಕ್ಸ್ ಮುಟ್ಟಿದ ಫನೆಲ್ ಡೆವಲಪರ್ ಬಾಟಲ್‌ಗೆ ಹೋಗಲೇಬಾರದು, ಒಂದಿಷ್ಟು ಸೇರಿದ್ರೂ ಇಡೀ ಬಾಟಲ್ ಚರಂಡಿಗೆ. ನಾನು ಕೆಂಪು ಟೇಪ್ ಸುತ್ತಿ ಬೇರೆ ಫನೆಲ್ ಇಟ್ಟಿದೀನಿ.

ಡೆವಲಪರ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಅನುಮಾನ ಪಡಿ. ರೋಲ್ ಹಾಕೋ ಮುಂಚೆ ಕತ್ತರಿಸಿ ಬಿಸಾಕೋ ಲೀಡರ್ (ರೋಲ್‌ನ ಮೊದಲ ತುದಿ) ತುಂಡನ್ನ ಬಿಸಿ ಡೆವಲಪರ್‌ನಲ್ಲಿ ಅದ್ದಿ, ಮೂರು ನಿಮಿಷದಲ್ಲಿ ಕಡುಗಪ್ಪಾಗ್ಲಿಲ್ಲ ಅಂದ್ರೆ ರೋಲ್ ಹಾಕಬೇಡಿ.

ಒಣಗಿದ ಮೇಲೆ ಬೀಳೋ ಬಿಳಿ ಚುಕ್ಕೆ ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಮನೆಗಳ ಕಾಟ, ಸುಣ್ಣದಂಶ ಅದು. ತೊಳೆಯೋದಕ್ಕೆ ಬೋರ್ ನೀರು ಪರವಾಗಿಲ್ಲ, ಆದ್ರೆ ಕೊನೆಯ ರಿನ್ಸ್ ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲೇ ಕಲಸಿ, ಆಮೇಲೆ ನಲ್ಲಿ ನೀರು ತಾಗಿಸಬೇಡಿ, ಬೆರಳಲ್ಲಿ ಒರೆಸಬೇಡಿ. ಚುಕ್ಕೆ ಬಿದ್ದಾಗಿದ್ರೆ ಅದೇ ರಿನ್ಸ್‌ನಲ್ಲಿ ಮತ್ತೆ ನೆನೆಸಿ, ಫ್ಯಾನ್ ಇಲ್ಲದ ಬಾತ್‌ರೂಮಲ್ಲಿ ಕೆಳಗೊಂದು ಕ್ಲಿಪ್ ಭಾರ ಕಟ್ಟಿ ನೇತು ಹಾಕಿ.